ಬ್ರೌಸರ್‌ನಲ್ಲಿ ಲಾಗಿನ್ ಆಗುತ್ತದೆ, ಸ್ಕ್ರಿಪ್ಟ್‌ನಲ್ಲಿ ಮಾತ್ರ ಆಗಲ್ಲ: ಏನು ನೋಡಬೇಕು?

ಪ್ರಶ್ನೆ: ಸರ್, ನಮಸ್ಕಾರ. ನಾನು ಬಳಸುವ ಒಂದು ವೆಬ್ ಸೇವೆಯಿಂದ ಪ್ರತಿ ತಿಂಗಳು ಬಿಲ್‌ಗಳನ್ನು ಇಳಿಸಿಕೊಳ್ಳಬೇಕು. ಅವರು ಎಪಿಐ (ಪ್ರೋಗ್ರಾಂ ನೇರವಾಗಿ ಮಾಹಿತಿ ಕೇಳುವ ದಾರಿ) ಕೊಟ್ಟಿಲ್ಲ. ಅದಕ್ಕೆ ನನ್ನ ಅಕೌಂಟ್‌ಗೆ ಲಾಗಿನ್ ಆಗಿ ಪಿಡಿಎಫ್ ತರುವ ಪೈಥಾನ್ ಸ್ಕ್ರಿಪ್ಟ್ ಬರೆದುಕೊಂಡಿದ್ದೆ, ವೆಬ್ ಪುಟ ತರಿಸುವ ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ. ಚೆನ್ನಾಗಿ ನಡೆಯುತ್ತಿತ್ತು. ಈಗ ಇದ್ದಕ್ಕಿದ್ದಂತೆ ಕೈಕೊಟ್ಟಿದೆ. ಎರರ್ ಏನೂ ಬರುತ್ತಿಲ್ಲ, ಸರ್ವರ್‌ನ ಸ್ಟೇಟಸ್ 200 (ಸರಿಯಿದೆ) ಅಂತಲೇ ತೋರಿಸುತ್ತಿದೆ. ಆದರೆ ಇಳಿದ ಪಿಡಿಎಫ್ ತೆರೆಯುವುದೇ ಇಲ್ಲ. ಬ್ರೌಸರ್‌ನಲ್ಲಿ ಅದೇ ಪಾಸ್‌ವರ್ಡ್ ಸರಿಯಾಗಿ ಕೆಲಸ ಮಾಡುತ್ತದೆ. ಆಗುವವರೆಗೂ ಮತ್ತೆ ಮತ್ತೆ ಪ್ರಯತ್ನಿಸಲಿ ಅಂತ ಒಂದು ಲೂಪ್ ಹಾಕಿದ್ದೇನೆ.

ಉತ್ತರ: ನಮಸ್ಕಾರ. ಮೊದಲು ಆ ಲೂಪ್ ನಿಲ್ಲಿಸಿ. ಬೇರೆ ಎಲ್ಲ ಆಮೇಲೆ. ಲಾಗಿನ್ ಸತತವಾಗಿ ತಪ್ಪಿದರೆ ಎಷ್ಟೋ ಸೇವೆಗಳು ಅಕೌಂಟನ್ನೇ ಲಾಕ್ ಮಾಡುತ್ತವೆ. ಆಗ ಬ್ರೌಸರ್‌ನಲ್ಲೂ ಒಳಗೆ ಹೋಗೋಕಾಗಲ್ಲ, ಮೂಲ ಕಾರಣ ಹುಡುಕುವುದೂ ಕಷ್ಟ.

ಇನ್ನು ಆ 200. ಅದು ‘ನೀವು ಕೇಳಿದ್ದಕ್ಕೆ ಒಂದು ಪುಟ ಕೊಟ್ಟಿದ್ದೇನೆ’ ಅನ್ನುತ್ತದೆ ಅಷ್ಟೇ. ಯಾವ ಪುಟ ಅಂತ ಹೇಳಲ್ಲ. ತೆರೆಯದ ಆ ಪಿಡಿಎಫನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಸಾಲು ನೋಡಿ. ನಿಜವಾದ ಪಿಡಿಎಫ್ ಆದರೆ ಶೇಕಡಾ ಚಿಹ್ನೆ, ಅದರ ಪಕ್ಕ ಪಿಡಿಎಫ್ ಅನ್ನುವ ಮೂರು ದೊಡ್ಡಕ್ಷರ, ಆಮೇಲೆ ಆವೃತ್ತಿ ಸಂಖ್ಯೆ ಇರುತ್ತದೆ. ನಿಮ್ಮದರಲ್ಲಿ ಎಚ್‌ಟಿಎಂಎಲ್ ಕಾಣಿಸುತ್ತದೆ ಅನ್ನೋದು ನನ್ನ ಊಹೆ. ಅಂದರೆ ಸರ್ವರ್ ನಿಮ್ಮನ್ನು ಲಾಗಿನ್ ಪುಟಕ್ಕೆ ವಾಪಸ್ ಕಳಿಸಿದೆ, ಸ್ಕ್ರಿಪ್ಟ್ ಆ ಪುಟವನ್ನೇ ಬಿಲ್ ಅಂತ ಸೇವ್ ಮಾಡಿಕೊಂಡಿದೆ.

ಈಗ ಬ್ರೌಸರ್ ಏನು ಕಳಿಸುತ್ತದೆ, ಸ್ಕ್ರಿಪ್ಟ್ ಏನು ಕಳಿಸುತ್ತದೆ ಅಂತ ಅಕ್ಕಪಕ್ಕ ಇಟ್ಟು ನೋಡಬೇಕು. ಇನ್‌ಕಾಗ್ನಿಟೋ ವಿಂಡೋ ತೆರೆಯಿರಿ, ಹಳೆಯ ಕುಕೀ (ಸೈಟ್ ಬ್ರೌಸರ್‌ನಲ್ಲಿ ಇಡುವ ಗುರುತಿನ ಚೀಟಿ) ಯಾವುದೂ ಇರಬಾರದು. ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ, ಪ್ರಿಸರ್ವ್ ಲಾಗ್‌ಗೆ ಟಿಕ್ ಹಾಕಿ. ಅದಿಲ್ಲದಿದ್ದರೆ ಪುಟ ಬದಲಾದ ತಕ್ಷಣ ಪಟ್ಟಿ ಅಳಿಸಿಹೋಗುತ್ತದೆ, ನಮಗೆ ಬೇಕಾದ ಸಾಲೇ ಸಿಗಲ್ಲ. ಆಮೇಲೆ ಲಾಗಿನ್ ಆಗಿ, ಪಟ್ಟಿಯಲ್ಲಿ ಪೋಸ್ಟ್ ರಿಕ್ವೆಸ್ಟ್ (ಫಾರ್ಮ್ ಕಳಿಸಿದ ಸಾಲು) ಒತ್ತಿ, ಪೇಲೋಡ್, ಅಂದರೆ ಕಳಿಸಿದ ಮಾಹಿತಿ ನೋಡಿ. ಯೂಸರ್‌ನೇಮ್, ಪಾಸ್‌ವರ್ಡ್ ಬಿಟ್ಟು ಇನ್ನೇನಿದೆ?

ಪ್ರಶ್ನೆ: ಊಹೆ ಸರಿ ಸರ್, ಫೈಲ್‌ನಲ್ಲಿ ಇರುವುದು ಲಾಗಿನ್ ಪುಟವೇ. ಪೇಲೋಡ್‌ನಲ್ಲಿ ಟೋಕನ್ ಅನ್ನುವ ಉದ್ದದ ಫೀಲ್ಡ್ ಇದೆ. ಮೊದಲು ಇದು ಇರಲಿಲ್ಲ. ಬ್ರೌಸರ್‌ನಿಂದ ಕಾಪಿ ಮಾಡಿ ಸ್ಕ್ರಿಪ್ಟ್‌ಗೆ ಹಾಕಿದೆ, ಆದರೂ ಆಗಲಿಲ್ಲ. ರಿಕ್ವೆಸ್ಟ್ ಜೊತೆ ಹೋಗುವ ಪೂರ್ತಿ ಹೆಡರ್ ಇಲ್ಲಿ ಹಾಕಿದ್ದೇನೆ, ನೋಡಿ.

ಉತ್ತರ: ದಯವಿಟ್ಟು ಆ ಹೆಡರ್ ಈಗಲೇ ಅಳಿಸಿ. ಅದರಲ್ಲಿ ನೀವು ಲಾಗಿನ್ ಆಗಿದ್ದೀರಿ ಅಂತ ತೋರಿಸುವ ಸೆಷನ್ ಕುಕೀ ಇದೆ. ಅದು ಸಿಕ್ಕವರಿಗೆ ಪಾಸ್‌ವರ್ಡೂ ಬೇಕಾಗಲ್ಲ, ಒಟಿಪಿಯೂ ಬೇಕಾಗಲ್ಲ. ಸುಮ್ನೆ ಅಳಿಸಿದರೆ ಸಾಲದು, ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಎಲ್ಲ ಸಾಧನಗಳಿಂದ ಲಾಗ್‌ಔಟ್ ಆಗಿ. ಮುಂದೆ ಯಾರಿಗೇ ಲಾಗ್ ತೋರಿಸಿದರೂ ಫೀಲ್ಡ್‌ಗಳ ಹೆಸರುಗಳು ಸಾಕು, ಅವುಗಳ ಮುಂದಿರುವ ಮೌಲ್ಯಗಳ ಜಾಗದಲ್ಲಿ ಚುಕ್ಕೆ ಹಾಕಿ.

ಆ ಫೀಲ್ಡ್ ಸಿಎಸ್‌ಆರ್‌ಎಫ್ ಟೋಕನ್. ಬೇರೆ ಸೈಟೊಂದು ನಿಮ್ಮ ಹೆಸರಲ್ಲಿ ಕಳ್ಳತನದಿಂದ ಫಾರ್ಮ್ ಕಳಿಸಬಾರದು ಅಂತ ಇಟ್ಟಿರುವ ಕಾವಲು. ಅದು ಸಾಮಾನ್ಯವಾಗಿ ಕುಕೀ ಜೊತೆ ಜೋಡಿಯಾಗಿರುತ್ತದೆ. ಬ್ರೌಸರ್‌ನ ಟೋಕನ್ನು, ಸ್ಕ್ರಿಪ್ಟ್‌ನ ಕುಕೀ ಸೇರಿಸಿದರೆ ಜೋಡಿ ತಪ್ಪುತ್ತದೆ. ಅದಕ್ಕೇ ಕಾಪಿ ಮಾಡಿದ್ದು ನಡೆಯಲಿಲ್ಲ. ಸ್ಕ್ರಿಪ್ಟ್ ಕುಕೀಗಳನ್ನು ನೆನಪಿಟ್ಟುಕೊಳ್ಳುವ ಒಂದು ಸೆಷನ್ ಆಬ್ಜೆಕ್ಟ್ ಮಾಡಿಕೊಂಡು, ಮೊದಲು ಲಾಗಿನ್ ಪುಟವನ್ನು ಗೆಟ್ ಮಾಡಬೇಕು (ತರಿಸಬೇಕು), ಆ ಎಚ್‌ಟಿಎಂಎಲ್‌ನಿಂದ ಟೋಕನ್ ತೆಗೆಯಬೇಕು, ಅದೇ ಸೆಷನ್‌ನಲ್ಲಿ ಪೋಸ್ಟ್ ಮಾಡಬೇಕು. ಪ್ರತಿ ಸಲವೂ ಹೀಗೇ.

ಆ ಸೈಟ್ ಕಟ್ಟಲು ಬಳಸಿದ ಫ್ರೇಮ್‌ವರ್ಕ್ (ಸಿದ್ಧ ತಂತ್ರಾಂಶ ಚೌಕಟ್ಟು) ಯಾವುದು ಅಂತ ಗೊತ್ತಾದರೆ ಕೆಲಸ ಸುಲಭ. ಸ್ಟೇಟಸ್ 419 ಬಂದರೆ ಅದು ಬಹುತೇಕ ಲಾರಾವೆಲ್, ಟೋಕನ್ ಹೊಂದುತ್ತಿಲ್ಲ ಅಂತ ಅರ್ಥ. ಜ್ಯಾಂಗೋ ಆದರೆ ಟೋಕನ್ ಹೊಂದದಿದ್ದಾಗ 403 (ಪ್ರವೇಶವಿಲ್ಲ) ಕೊಡುತ್ತದೆ. ಎಚ್‌ಟಿಟಿಪಿಎಸ್‌ನಲ್ಲಿ ಬ್ರೌಸರ್ ಒರಿಜಿನ್ ಹೆಡರ್ ಕಳಿಸದಿದ್ದರೆ ರೆಫರರ್ ಹೆಡರನ್ನೂ ನೋಡುತ್ತದೆ (ರಿಕ್ವೆಸ್ಟ್ ಯಾವ ಸೈಟ್‌ನಿಂದ ಬಂತು ಅಂತ ಇವೆರಡೂ ಹೇಳುತ್ತವೆ). ಟೋಕನ್ ಸರಿಯಿದ್ದರೂ ಜ್ಯಾಂಗೋ ಬಾಗಿಲು ಹಾಕಿದರೆ ಕಾರಣ ಇದೇ ಇರಬಹುದು. ಹಾಗೇ, ಬ್ರೌಸರ್ ಜೇಸನ್ (ಮಾಹಿತಿ ಬರೆಯುವ ಒಂದು ಬಗೆ) ಕಳಿಸುತ್ತಿದೆಯಾ ಫಾರ್ಮ್ ಡೇಟಾ ಕಳಿಸುತ್ತಿದೆಯಾ ಅಂತ ಒಮ್ಮೆ ನೋಡಿಬಿಡಿ.

ಮತ್ತೊಬ್ಬರ ಪ್ರಶ್ನೆ: ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನದೂ ಇಂಥದ್ದೇ. ಪಾಸ್‌ವರ್ಡನ್ನು ಕೋಡ್‌ನಲ್ಲಿ ನೇರವಾಗಿ ಬರೆದರೆ ಲಾಗಿನ್ ಆಗುತ್ತದೆ. ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ (ಕೋಡ್ ಹೊರಗೆ ಸಿಸ್ಟಂನಲ್ಲಿ ಇಡುವ ಮೌಲ್ಯ) ಓದಿದರೆ ತಪ್ಪು ಅನ್ನುತ್ತದೆ.

ಉತ್ತರ: ನಿಮ್ಮ ಪಾಸ್‌ವರ್ಡ್‌ನಲ್ಲಿ ಡಾಲರ್ ಚಿಹ್ನೆ ಇದೆ ಅಲ್ವಾ? ಶೆಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಡೆ) ಡಬಲ್ ಕೋಟ್ ಒಳಗೆ ಬರೆದರೆ ಡಾಲರ್ ನಂತರದ್ದನ್ನು ಅದು ವೇರಿಯಬಲ್ ಅಂದುಕೊಂಡು ನುಂಗಿಬಿಡುತ್ತದೆ. ಸಿಂಗಲ್ ಕೋಟ್ ಹಾಕಿ. ಫೈಲ್‌ನಿಂದ ಓದುವವರಿಗೆ ಕೊನೆಯ ನ್ಯೂಲೈನ್ ಇದೇ ಕಾಟ ಕೊಡುತ್ತದೆ. ಪಾಸ್‌ವರ್ಡ್ ಪ್ರಿಂಟ್ ಮಾಡಬೇಡಿ, ಅದರ ಉದ್ದ ಮಾತ್ರ ಪ್ರಿಂಟ್ ಮಾಡಿ. ಅಕ್ಷರ ಒಂದು ಹೆಚ್ಚೋ ಕಡಿಮೆಯೋ ಆಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಸರ್, ಟೋಕನ್ ತೆಗೆದು ಹಾಕಿದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಆಯಿತು, ಬಿಲ್ ಬಂತು. ತುಂಬಾ ಥ್ಯಾಂಕ್ಸ್. ಆದರೆ ಅದೇ ಸ್ಕ್ರಿಪ್ಟ್ ಕ್ಲೌಡ್ ಸರ್ವರ್‌ನಲ್ಲಿ 403 ಕೊಡುತ್ತಿದೆ. ಯೂಸರ್ ಏಜೆಂಟ್ (ಯಾವ ಬ್ರೌಸರ್ ಅಂತ ಹೇಳುವ ಹೆಡರ್) ಕ್ರೋಮ್‌ನದ್ದು ಹಾಕಿದರೂ ಅಷ್ಟೇ. ಪ್ರಾಕ್ಸಿ, ಕ್ಯಾಪ್ಚಾ ಬಿಡಿಸುವ ಸೇವೆ ತಗೊಳ್ಳಲಾ?

ಉತ್ತರ: ಬೇಡ. ಡೇಟಾ ಸೆಂಟರ್‌ನ ಐಪಿ ವಿಳಾಸಗಳು ಯಾವುವು ಅಂತ ಬಾಟ್ ತಡೆಯುವ ವ್ಯವಸ್ಥೆಗಳಿಗೆ ಗೊತ್ತಿರುತ್ತದೆ. ಯೂಸರ್ ಏಜೆಂಟ್ ಬದಲಾಯಿಸಿದರೂ ಟಿಎಲ್‌ಎಸ್ (ಗೂಢಲಿಪಿ) ಸಂಪರ್ಕ ಶುರುವಾಗುವ ರೀತಿಯೇ ‘ಇದು ಕ್ರೋಮ್ ಅಲ್ಲ, ಪೈಥಾನ್’ ಅಂತ ಹೇಳಿಬಿಡುತ್ತದೆ. ಮೇಲಾಗಿ, ಟೋಕನ್ ತೆಗೆದು ಕಳಿಸುವುದು ಬೇರೆ, ಇದು ಬೇರೆ. ಟೋಕನ್ ಬ್ರೌಸರ್ ಕೂಡ ಕಳಿಸುತ್ತದೆ. ಕ್ಯಾಪ್ಚಾ ಇಟ್ಟವರು ಯಂತ್ರ ಬರಬಾರದು ಅಂತ ನೇರವಾಗಿಯೇ ಹೇಳಿದ್ದಾರೆ. ಅದನ್ನು ಮುರಿದು ಅಕೌಂಟ್ ಬಂದ್ ಆದರೆ ಹಳೆಯ ಬಿಲ್‌ಗಳೂ ಹೋಗುತ್ತವೆ. ಸೇವೆಯ ನಿಯಮಗಳನ್ನು ಒಮ್ಮೆ ಓದಿ. ಸ್ವಯಂಚಾಲಿತ ಬಳಕೆ ಬೇಡ ಅಂದಿದ್ದರೆ ಲ್ಯಾಪ್‌ಟಾಪ್‌ನಲ್ಲೂ ನಿಲ್ಲಿಸಿ. ಅವರ ಸಪೋರ್ಟ್‌ಗೆ ಬರೆದು ಎಕ್ಸ್‌ಪೋರ್ಟ್ ಅಥವಾ ಎಪಿಐ ಕೇಳಿ. ಬಿಲ್ ಇಮೇಲ್‌ಗೆ ಕಳಿಸುವ ಸೌಲಭ್ಯ ಎಷ್ಟೋ ಕಡೆ ಸೆಟ್ಟಿಂಗ್ಸ್ ಒಳಗೇ ಇರುತ್ತದೆ. ನಿಷೇಧ ಇಲ್ಲದಿದ್ದರೆ ನಿಮ್ಮ ಲ್ಯಾಪ್‌ಟಾಪ್‌ನಿಂದಲೇ ನಡೆಸಿ, ತಿಂಗಳಿಗೊಮ್ಮೆಯ ಕೆಲಸಕ್ಕೆ ಸರ್ವರ್ ಯಾಕೆ?

ಮತ್ತೊಬ್ಬರ ಪ್ರಶ್ನೆ: ಆಫೀಸಿನ ಟೆಸ್ಟ್ ಅಕೌಂಟ್‌ಗೆ ಸ್ಕ್ರಿಪ್ಟೇ ಆರು ಅಂಕಿಯ ಕೋಡ್ ಹುಟ್ಟಿಸುತ್ತದೆ. ಒಂದು ಯಂತ್ರದಲ್ಲಿ ಮಾತ್ರ ಕೋಡ್ ತಪ್ಪು ಅನ್ನುತ್ತದೆ.

ಉತ್ತರ: ಆ ಯಂತ್ರದ ಗಡಿಯಾರ ನೋಡಿ. ಈ ಕೋಡ್ ಸಮಯದಿಂದಲೇ ಹುಟ್ಟುವುದು. 2011ರ ಆರ್‌ಎಫ್‌ಸಿ 6238 ಅನ್ನುವ ಇಂಟರ್ನೆಟ್ ತಾಂತ್ರಿಕ ದಾಖಲೆಯ ಪ್ರಕಾರ ಒಂದು ಕೋಡ್‌ನ ಅವಧಿ ಸಾಮಾನ್ಯವಾಗಿ 30 ಸೆಕೆಂಡ್. ಗಡಿಯಾರ ಒಂದೆರಡು ನಿಮಿಷ ಹಿಂದೆ ಬಿದ್ದರೆ ಸಾಕು, ಕೋಡ್ ತಪ್ಪುತ್ತದೆ. ಎನ್‌ಟಿಪಿ (ಗಡಿಯಾರವನ್ನು ನೆಟ್‌ನಿಂದ ಸರಿಹೊಂದಿಸುವ ವ್ಯವಸ್ಥೆ) ಆನ್ ಮಾಡಿ. ಸ್ವಂತ ಅಕೌಂಟ್‌ನವರು ಹೀಗೆ ಮಾಡಬೇಡಿ. ಪಾಸ್‌ವರ್ಡ್, ಕೋಡ್‌ನ ರಹಸ್ಯ ಕೀಲಿ ಎರಡೂ ಒಂದೇ ಫೈಲ್‌ನಲ್ಲಿದ್ದರೆ ಎರಡನೇ ಬೀಗ ಇದ್ದೂ ಇಲ್ಲದಂತೆ.

ಪ್ರಶ್ನೆ: ಕೊನೆಯದಾಗಿ ಸರ್, ಪ್ರತಿ ಸಲ ರನ್ ಮಾಡಿದಾಗಲೂ ಲಾಗಿನ್ ಆಗಲೇಬೇಕಾ?

ಉತ್ತರ: ಬೇಕಿಲ್ಲ, ಆಗದಿದ್ದರೇ ಒಳ್ಳೆಯದು. ಕುಕೀಗಳನ್ನು ಫೈಲ್‌ಗೆ ಸೇವ್ ಮಾಡಿ, ಮುಂದಿನ ಸಲ ಅದನ್ನೇ ಲೋಡ್ ಮಾಡಿ. ಆ ಫೈಲನ್ನು ನೀವು ಮಾತ್ರ ಓದುವಂತಿರಲಿ, ಕೋಡ್ ಇಡುವ ಗಿಟ್‌ಗೆ ಅಪ್ಪಿತಪ್ಪಿಯೂ ಸೇರಿಸಬೇಡಿ. ಶುರುವಿನಲ್ಲಿ ಅಕೌಂಟ್ ಪುಟ ತಂದು, ಅದರಲ್ಲಿ ಲಾಗ್‌ಔಟ್ ಲಿಂಕ್ ಇದೆಯಾ ಅಂತ ನೋಡಿ. ಇದ್ದರೆ ಕೆಲಸ ಮುಂದುವರಿಸಲಿ. ಇಲ್ಲದಿದ್ದರೆ ಒಂದೇ ಒಂದು ಸಲ ಲಾಗಿನ್ ಪ್ರಯತ್ನ. ಅದೂ ಆಗದಿದ್ದರೆ ಬಂದ ಪುಟವನ್ನು ಸೇವ್ ಮಾಡಿ, ನಿಮಗೊಂದು ಮೇಲ್ ಕಳಿಸಿ ನಿಲ್ಲಬೇಕು. 429 (ತುಂಬಾ ಸಲ ಕೇಳಿದಿರಿ) ಬಂದರೆ ರೀಟ್ರೈ ಆಫ್ಟರ್ ಹೆಡರ್ ಇದೆಯಾ ನೋಡಿ, ಅದು ಹೇಳಿದಷ್ಟು ಹೊತ್ತು ಕಾಯಿರಿ. ಪಿಡಿಎಫ್ ಸೇವ್ ಮಾಡುವ ಮುಂಚೆ ಮೊದಲ ಕೆಲವು ಬೈಟ್ ನೋಡುವ ಒಂದು ಸಾಲನ್ನೂ ಸೇರಿಸಿಬಿಡಿ.