ಪದ ಬೇಕು: ಥರ್ಮಲ್ ಪೇಸ್ಟ್, ಥರ್ಮಲ್ ಪ್ಯಾಡ್ (ಸ್ವಲ್ಪ ಅರ್ಜೆಂಟು)

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ರಿಪೇರಿ ಕಲಿಯುವ ಹುಡುಗರಿಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಪ್ರೊಸೆಸರಿಗೂ ಅದರ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕಿಗೂ ನಡುವೆ ಏನು ಹಾಕಬೇಕು, ಪೇಸ್ಟೋ ಪ್ಯಾಡೋ ಎಂಬ ಪಾಠದಲ್ಲಿ ಸಿಕ್ಕಿಕೊಂಡಿದ್ದೇನೆ. ಪೇಸ್ಟಿಗೆ ‘ಶಾಖದ ಅಂಟು’, ಪ್ಯಾಡಿಗೆ ‘ಶಾಖದ ಮೆತ್ತೆ’ ಎಂದು ಬರೆದಿದ್ದೇನೆ. ನಡೆಯುತ್ತದಾ?

———

‘ಅಂಟು’ ಖಂಡಿತ ಬೇಡ. ಪೇಸ್ಟ್ ಇರುವುದು ಅಂಟಿಸುವುದಕ್ಕಲ್ಲ. ಎರಡು ಲೋಹದ ಮೈ ಎಷ್ಟೇ ನುಣುಪಾಗಿ ಕಂಡರೂ ಸಣ್ಣ ಸಣ್ಣ ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಗಾಳಿಯ ಮೂಲಕ ಶಾಖ ಸರಿಯಾಗಿ ದಾಟುವುದಿಲ್ಲ. ಒಳ್ಳೆಯ ಪೇಸ್ಟ್ ಅದಕ್ಕಿಂತ ನೂರು ಪಟ್ಟಿಗೂ ಜಾಸ್ತಿ ಶಾಖ ದಾಟಿಸುತ್ತದೆ. ಆ ತಗ್ಗು ತುಂಬುವುದಷ್ಟೇ ಅದರ ಕೆಲಸ. ಬಿಗಿಯಾಗಿ ಹಿಡಿಯುವುದು ಸ್ಕ್ರೂ. ನಿಜವಾಗಿ ಅಂಟುವ ಥರ್ಮಲ್ ಗ್ಲೂ ಬೇರೆಯೇ ಇದೆ. ಅದನ್ನು ಪ್ರೊಸೆಸರಿಗೆ ಹಾಕಿಬಿಟ್ಟರೆ ಹೀಟ್‌ಸಿಂಕ್ ಬಿಡಿಸುವುದೇ ಕಷ್ಟ. ‘ಅಂಟು’ ಅದಕ್ಕೇ ಇರಲಿ.

‘ಮೆತ್ತೆ’ ಬಗ್ಗೆ ನನ್ನ ತಕರಾರು ಇನ್ನೂ ಜಾಸ್ತಿ. ಮೆತ್ತಗಿರುವುದು ಮೆತ್ತೆ, ಒಳ್ಳೆಯ ಕನ್ನಡ, ಸರಿ. ಆದರೆ ಪಕ್ಕದಲ್ಲೇ ‘ಮೆತ್ತು’ ಇದೆ ಅಲ್ವಾ? ಗೋಡೆಗೆ ಮಣ್ಣು ಮೆತ್ತುತ್ತೇವೆ. ಇಲ್ಲಿ ಮೆತ್ತುವುದು ಪೇಸ್ಟು, ಇಡುವುದು ಪ್ಯಾಡು. ಕಲಿಯುವ ಹುಡುಗನಿಗೆ ತಿಳಿಯಬೇಕಾದ ವ್ಯತ್ಯಾಸವೇ ಅದು. ಅಲ್ಲೇ ಗೊಂದಲ ಮಾಡುವ ಪದ ಯಾಕೆ?

ಇನ್ನು ‘ಶಾಖದ ಮೆತ್ತೆ’ ಎಂದರೆ ನಮ್ಮ ಮನೆಗಳಲ್ಲಿ ಸೊಂಟ ನೋವಿಗೆ ಶಾಖ ಕೊಡುವ ವಸ್ತು ಎಂದೇ ಅರ್ಥ. ಇಲ್ಲಿ ಶಾಖ ಕೊಡುವುದಿಲ್ಲ, ಸಾಗಹಾಕುತ್ತೇವೆ. ಜ್ವರ ಬಂದಾಗ ಹಣೆಗೆ ಒದ್ದೆ ಪಟ್ಟಿ ಇಡುವುದಿಲ್ಲವೇ, ಹಾಗೆ ‘ಪಟ್ಟಿ’ ಎನ್ನಿ. ಪೇಸ್ಟಿಗೆ ‘ಲೇಪ’.

———

ಲೇಪವೂ ಪಟ್ಟಿಯೂ ಸಕ್ಕದದಿಂದ (ಸಂಸ್ಕೃತದಿಂದ) ಬಂದವು. ಇಂಗ್ಲಿಶ್ ತೆಗೆದು ಸಕ್ಕದ ತುಂಬಿದರೆ ಕನ್ನಡಕ್ಕೆ ಏನು ಸಿಕ್ಕಿತು? ಹಾಸುವುದು ‘ಹಾಸು’. ಬಳಿಯುವುದು ‘ಬಳಿ’. ‘ಬಿಸಿಹಾಸು’, ‘ಬಿಸಿಬಳಿ’ ಎನ್ನಿ. ಮೊದಲು ಹೊಸದು ಅನ್ನಿಸುತ್ತದೆ, ಬಳಸಿದರೆ ಒಗ್ಗುತ್ತದೆ.

———

‘ಬಿಸಿಹಾಸು’ ಎಂದರೆ ಚಳಿಗೆ ಹಾಸುವ ಕಂಬಳಿ. ಆಗದು.

ಚಾವಿ ಪೋರ್ಚುಗೀಸಿನಿಂದ ಬಂತು, ರಸೀದಿ ಪಾರಸಿಯಿಂದ ಬಂತು. ಇವತ್ತು ಯಾರಿಗೂ ಅವು ಹೊರಗಿನವಲ್ಲ. ಕಂಪ್ಯೂಟರ್ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮಾರುವವರೂ ಕೊಳ್ಳುವವರೂ ‘ಪೇಸ್ಟ್’ ಎನ್ನುತ್ತಾರೆ. ಟ್ಯೂಬಿನ ಮೇಲೂ ಅದೇ ಇರುತ್ತದೆ. ‘ಲೇಪ’ ಕಲಿತ ಹುಡುಗ ಅಂಗಡಿಯಲ್ಲಿ ಅದನ್ನು ಮತ್ತೆ ಕಲಿಯಬೇಕಾಗುತ್ತದೆ. ಸುಮ್ನೆ ಹೊರೆ.

———

ಎಲ್ಲರಿಗೂ ಧನ್ಯವಾದ. ‘ಅಂಟು’, ‘ಶಾಖದ’ ಎರಡನ್ನೂ ತೆಗೆದೆ. ಪೇಸ್ಟ್ ಹಾಗೇ ಇಟ್ಟೆ. ಪ್ಯಾಡಿಗೆ ‘ಪಟ್ಟಿ’ ಹಿಡಿಸಿತು, ಇಡುವ ಕೆಲಸ ಕಣ್ಣಿಗೆ ಕಟ್ಟುತ್ತದೆ. ಕಳಿಸುತ್ತಿರುವ ಸಾಲು ಇದು:

“ಪ್ರೊಸೆಸರಿನ ಮೈಯ ನಟ್ಟನಡುವೆ ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು ಹಾಕಿ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಚಿಪ್ಪಿಗೂ ಹೀಟ್‌ಸಿಂಕಿಗೂ ಸಂದು ಇರುವ ಕಡೆ ಥರ್ಮಲ್ ಪಟ್ಟಿ ಇಡಿ. 0.5, 1, 1.5 ಮಿ.ಮೀ. ಹೀಗೆ ಬೇರೆ ಬೇರೆ ದಪ್ಪದಲ್ಲಿ ಸಿಗುತ್ತದೆ. ತಯಾರಕರು ಹೇಳಿದ ದಪ್ಪದ್ದನ್ನೇ ಹಾಕಿ.”

ತಪ್ಪಿದ್ದರೆ ಬೆಳಿಗ್ಗೆ ಎಂಟರೊಳಗೆ ಹೇಳಿ.

———

‘ಪಟ್ಟಿ’ ಬೇಡ, ‘ಹಾಸು’ ಎನ್ನಿ. ಎಂಟು ಗಂಟೆಗೆ ಇನ್ನೂ ಹೊತ್ತಿದೆ.