ಒಂಬತ್ತು ಜನ, ಯಾರೂ ನೋಡದ ಸ್ಕೀ ರೆಸಾರ್ಟು. ಪ್ಲಾನ್ ಎಲ್ಲಿಂದ ಶುರು ಮಾಡ್ಲಿ?

ಚಳಿಗಾಲದ_ಚಿಂತೆ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಪೋಸ್ಟು, ಬೇಜಾರ್ ಮಾಡ್ಕೋಬೇಡಿ. ಮುಂದಿನ ಸೀಸನ್‌ಗೆ ನಾವೊಂದು ಒಂಬತ್ತು ಜನ ಆರು ದಿನ ಸ್ಕೀಯಿಂಗ್‌ಗೆ ಹೋಗೋಣ ಅಂತ ಮಾತಾಗಿದೆ, ಮಾತಾಗಿದೆ ಅಂದ್ರೆ ವಾಟ್ಸಾಪ್ ಗ್ರೂಪ್‌ಗೆ ಒಂದು ಹೆಸರಿಟ್ಟು ಹಿಮದ ಫೋಟೋ ಹಾಕಿದ್ದಾಗಿದೆ ಅಷ್ಟೆ, ಗ್ರೂಪ್ ಶುರು ಮಾಡಿದ ತಪ್ಪಿಗೆ ಪ್ಲಾನಿಂಗ್ ಪೂರ್ತಿ ನನ್ನ ತಲೆಗೆ ಕಟ್ಟಿದಾರೆ.

ಜನ ಹೀಗಿದಾರೆ. ಇಬ್ರು ಫ್ರೆಂಡ್ಸ್ ಸುಮಾರು ವರ್ಷದಿಂದ ಸ್ಕೀ ಮಾಡ್ತಾರೆ, ಬ್ಲ್ಯಾಕ್ ರನ್ (ಎಲ್ಲಕ್ಕಿಂತ ಕಷ್ಟದ ಇಳಿಜಾರು ದಾರಿ) ಬಿಟ್ಟು ಬೇರೆ ಮಾತೇ ಆಡಲ್ಲ. ನಾನೂ ಸೇರಿ ಮೂರು ಜನ ಒಂದೊಂದು ಸಲ ಮಾಡಿದೀವಿ, ಬೀಳದೆ ನಿಲ್ಲೋಕೆ ಬರುತ್ತೆ, ಅದಕ್ಕಿಂತ ಜಾಸ್ತಿ ಹೇಳ್ಕೊಳ್ಳೋ ಹಾಗೇನಿಲ್ಲ. ಅಕ್ಕ, ಅಕ್ಕನ ಮಗ (ಒಂಬತ್ತು ವರ್ಷ), ಒಬ್ಬ ಕಲೀಗ್, ಇವ್ರು ಮೂರೂ ಜನ ಸ್ಕೀ ಕೈಯಲ್ಲಿ ಹಿಡಿದೂ ನೋಡಿಲ್ಲ. ಒಂಬತ್ತನೆಯವರು ನಮ್ಮ ಭಾವ, ಅವ್ರು ಸ್ಕೀ ಮಾಡೋದೇ ಇಲ್ವಂತೆ, ‘ನಾನು ಕಿಟಕಿ ಪಕ್ಕ ಪುಸ್ತಕ ಹಿಡ್ಕೊಂಡು ಕೂತ್ಕೋತೀನಿ, ನಿಮ್ಮ ಮೂಳೆ ನೀವು ಮುರ್ಕೊಳ್ಳಿ’ ಅಂತಿದಾರೆ.

ಎರಡು ಜಾಗ ಲಿಸ್ಟಲ್ಲಿ ಉಳಿದಿದೆ, ಎರಡನ್ನೂ ನಮ್ಮಲ್ಲಿ ಯಾರೂ ನೋಡಿಲ್ಲ. ಒಂದು ದೊಡ್ಡದು, ಮೂರ್ನಾಲ್ಕು ಕಣಿವೆಗಳನ್ನ ಲಿಫ್ಟಲ್ಲೇ (ಬೆಟ್ಟ ಹತ್ತಿಸೋ ಕೇಬಲ್ ಸಾಲು) ಜೋಡಿಸಿರೋದು, ನೂರಾರು ಕಿಲೋಮೀಟರ್ ರನ್ ಇದೆ. ಇನ್ನೊಂದು ಚಿಕ್ಕದು, ಎಪ್ಪತ್ತು ಕಿಲೋಮೀಟರ್ ಇರಬಹುದು. ಹೆಸರು ಹಾಕಿದ್ರೆ ಜಗಳ ಅದರ ಮೇಲೇ ಶುರುವಾಗುತ್ತೆ ಅಂತ ಹಾಕ್ತಿಲ್ಲ. ಬ್ಲ್ಯಾಕ್ ರನ್ ಜೋಡಿಗೆ ದೊಡ್ಡದೇ ಬೇಕು.

ಕೇಳೋಕಿರೋದು: ಯಾವುದನ್ನ ಆರಿಸ್ಕೋಬೇಕು, ನೋಡೇ ಇಲ್ಲದ ಜಾಗನ ಹೇಗೆ ತೂಗಿ ನೋಡೋದು? ಚೆನ್ನಾಗಿ ಸ್ಕೀ ಬರೋ ಆ ಇಬ್ರೂ ಉಳಿದೋರಿಗೆ ಕಲಿಸಿದ್ರೆ ಕ್ಲಾಸಿನ ದುಡ್ಡು ಉಳಿಯುತ್ತಲ್ವಾ? ಮತ್ತೆ ಲಿಫ್ಟ್ ಪಾಸ್ ಎಲ್ರಿಗೂ ಒಂದೇ ಥರದ್ದು ತಗೋಬೇಕಾ?

ಮಂಜುಗಣ್ಣು:

ಕಿಲೋಮೀಟರ್ ಲೆಕ್ಕ ಮೊದಲು ಮರ್ತುಬಿಡಿ. ಫ್ರಾನ್ಸಿನ ತ್ರೀ ವ್ಯಾಲೀಸ್‌ನಲ್ಲಿ 600 ಕಿಲೋಮೀಟರ್ ಇದೆ, ನಿಜ, ಆದ್ರೆ ಅಲ್ಲಿಗೆ ಹೋದ್ರೂ ನಿಮ್ಮ ಅಕ್ಕ ಮೊದಲ ಮೂರು ದಿನ ಒಂದೋ ಎರಡೋ ಇಳಿಜಾರಲ್ಲೇ ಮೇಲೆ ಕೆಳಗೆ ಓಡಾಡ್ತಿರ್ತಾರೆ.

ನಾನು ಮಾಡೋದು ಹೀಗೆ. ಎರಡೂ ಕಡೆಯ ಪಿಸ್ಟ್ ಮ್ಯಾಪ್ (ರನ್, ಲಿಫ್ಟ್ ಎಲ್ಲ ತೋರಿಸೋ ನಕ್ಷೆ, ಪಿಸ್ಟ್ ಅಂದ್ರೆ ರನ್ನೇ) ಇಳಿಸ್ಕೊಂಡು ಲ್ಯಾಪ್‌ಟಾಪಲ್ಲಿ ದೊಡ್ಡದಾಗಿ ತೆಗೀರಿ. ಎಲ್ರೂ ತುದಿಯಿಂದ ಕೆಳಗೆ ನೋಡ್ತಾರೆ, ನೀವು ಊರಿಂದ ಮೇಲಕ್ಕೆ ಬೆರಳಿಟ್ಕೊಂಡು ಹೋಗಿ. ಕಲಿಯೋರ ಜಾಗ ಊರಲ್ಲೇ ಇದೆಯಾ ಅಥವಾ ಗೊಂಡೋಲಾದಲ್ಲಿ (ಕೇಬಲ್‌ಗೆ ನೇತಾಡೋ ಮುಚ್ಚಿದ ಕ್ಯಾಬಿನ್) ಮೇಲೆ ಹೋಗ್ಬೇಕಾ? ಅಲ್ಲಿ ಮ್ಯಾಜಿಕ್ ಕಾರ್ಪೆಟ್ (ನಿಂತ್ಕೊಂಡ್ರೆ ಬೆಲ್ಟ್ ತಾನೇ ಎಳ್ಕೊಂಡು ಹೋಗುತ್ತಲ್ಲ, ಅದು) ಇದೆಯಾ, ಅಥವಾ ಬರೀ ಟಿ-ಬಾರಾ (ಸ್ಕೀ ಮೇಲೆ ನಿಂತವರನ್ನ ಮೇಲಕ್ಕೆ ಎಳ್ಕೊಂಡು ಹೋಗೋ ತಲೆಕೆಳಗಾದ T ಥರದ ಕಂಬಿ)? ಟಿ-ಬಾರ್ ಮೇಲೆ ಕೂರೋಕೆ ಹೋಗಿ ಬೀಳೋದೇ ಮೊದಲ ದಿನದ ಅರ್ಧ ಕಥೆ, ಅದಕ್ಕೆ ಒರಗಬೇಕು ಅಷ್ಟೆ, ಕೂರೋ ಹಾಗಿಲ್ಲ. ಕಾರ್ಪೆಟ್ ದಾಟಿದ್ಮೇಲೆ ಮುಂದಿನ ಲಿಫ್ಟ್ ಹತ್ತಿದ್ರೆ ಇಳಿಯೋಕೆ ಸುಲಭದ ರನ್ ಇದೆಯಾ? ಕೊನೇದು, ಇದನ್ನ ಯಾರೂ ನೋಡಲ್ಲ, ಸಂಜೆ ಊರಿಗೆ ವಾಪಸ್ ಬರೋ ರನ್ ಯಾವ ಬಣ್ಣ? ಎಷ್ಟೋ ಕಡೆ ಅದೊಂದೇ ರೆಡ್, ಅಂದ್ರೆ ಹೊಸಬ್ರಿಗೆ ಕಷ್ಟದ್ದು, ಆಗಿರುತ್ತೆ, ಸಂಜೆ ನಾಲ್ಕಕ್ಕೆ ಇಡೀ ಬೆಟ್ಟದ ಜನ ಅದೇ ದಾರೀಲಿ ಇಳೀತಾರೆ, ಮೇಲಿನ ಹಿಮ ಎಲ್ಲ ಕೆರೆದು ಹೋಗಿ ಕೆಳಗಿನ ಐಸ್ ಹೊಳೀತಿರುತ್ತೆ, ಕಾಲು ಸೋತಿರುತ್ತೆ. ಹಾಗಿದ್ರೆ ಗೊಂಡೋಲಾದಲ್ಲೇ ಕೆಳಗೆ ಬರೋಕೆ ಬಿಡ್ತಾರಾ ಅಂತ ಕೇಳಿ ಇಟ್ಕೊಳ್ಳಿ.

ಬಣ್ಣದ ಬಗ್ಗೆ ಇನ್ನೊಂದು ಮಾತು. ಫ್ರಾನ್ಸಲ್ಲಿ ಸುಲಭದಿಂದ ಕಷ್ಟಕ್ಕೆ ಹಸಿರು, ನೀಲಿ, ಕೆಂಪು, ಕಪ್ಪು, ನಾಲ್ಕೂ ಇದೆ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡಲ್ಲಿ ಶುರುವಾಗೋದೇ ನೀಲಿಯಿಂದ. ಅಮೆರಿಕದಲ್ಲಿ ಕೆಂಪೇ ಇಲ್ಲ, ಹಸಿರು ವೃತ್ತ, ನೀಲಿ ಚೌಕ, ಆಮೇಲೆ ಸೀದಾ ಕಪ್ಪು ಡೈಮಂಡ್. ಯುರೋಪಲ್ಲಿ ಬಹಳ ಕಡೆ ನೀಲಿ ಅಂದ್ರೆ 25 ಪರ್ಸೆಂಟ್ ಇಳಿಜಾರಿನ ಒಳಗೆ, ಕೆಂಪು 40ರ ಒಳಗೆ ಅಂತ ಲೆಕ್ಕ ಇದೆ, ಆದ್ರೂ ಒಂದು ಕಡೆ ನೀಲಿ ಅಂದಿದ್ದು ಇನ್ನೊಂದು ಕಡೆ ಅಷ್ಟೇ ಸುಲಭ ಇರುತ್ತೆ ಅಂತ ನಂಬ್ಕೋಬೇಡಿ. ಆ ಮ್ಯಾಪ್ ಅನ್ನೋದು ಕೈಲಿ ಬರೆದ ಚಿತ್ರ ಥರ, ಬೆಟ್ಟನ ಒತ್ತಿ ಚಪ್ಪಟೆ ಮಾಡಿರ್ತಾರೆ, ದೂರನೂ ಅಳತೆಗೆ ಸಿಗಲ್ಲ. ಎರಡು ಕಣಿವೆ ಜೋಡಿಸೋ ತೆಳ್ಳಗಿನ ನೀಲಿ ಗೆರೆ ನೋಡಿ ಸುಲಭ ಅನ್ಕೋತೀವಿ, ಹೋಗಿ ನೋಡಿದ್ರೆ ಕಾರು ಹೋಗುವಷ್ಟು ಅಗಲದ ದಾರಿ, ಒಂದು ಪಕ್ಕ ಬೆಟ್ಟ ಇನ್ನೊಂದು ಪಕ್ಕ ಪ್ರಪಾತ.

ಪಾಸ್ ವಿಷಯ ಸಿಂಪಲ್. ಬಹಳ ಕಡೆ ಕಲಿಯೋರ ಜಾಗಕ್ಕೆ ಮಾತ್ರ ಬೇರೆ ಪಾಸ್ ಕೊಡ್ತಾರೆ, ಕೆಲವು ಕಡೆ ಆ ಲಿಫ್ಟ್ ಫ್ರೀ. ಹೊಸಬ್ರಿಗೆ ಅಷ್ಟು ಸಾಕು, ನಾಲ್ಕನೇ ದಿನ ಬೇಕಾದ್ರೆ ದೊಡ್ಡದು ತಗೊಳ್ಳಿ.

ಗಿರಣಿ_ಗೆಳೆಯ:

ನಾ ಕಲಸೂ ಪ್ರಶ್ನೆಕ್ಕ ಅಷ್ಟ ಉತ್ತರ ಕೊಡ್ತೀನ್ರೀ, ಯಾಕಂದ್ರ ಅದರಾಗ ನಾ ಪೆಟ್ಟು ತಿಂದೀನಿ. ಗೆಳ್ಯಾರ ಕಡೆ ಕಲಿಬ್ಯಾಡ್ರಿ. ನಾ ನಮ್ಮ ಮನಿಯಾಕಿಗೆ ಸ್ಕೀ ಕಲಸಾಕ ಹೋಗಿದ್ದೆ, ಎರಡ ತಾಸಿನಾಗ ಆಕಿ ಎರಡೂ ಸ್ಕೀ ಬಿಚ್ಚಿ ಹೆಗಲ ಮ್ಯಾಲ ಹೊತ್ಕೊಂಡು ಒಂದ ಮಾತೂ ಆಡಲಾರದ ಕೆಳಗ ನಡಕೊಂತ ಹ್ವಾದ್ಲು. ರಾತ್ರಿ ತನಕಾ ಮಾತಿಲ್ಲ ಕತಿಯಿಲ್ಲ.

ನಾ ಏನ್ ಹೇಳ್ತಿದ್ದೆ ಅಂದ್ರ ‘ಮುಂದ ಬಾಗು, ಮುಂದ ಬಾಗು’ ಅಂತ ಒದರೂದು. ಇಳಿಜಾರಿನ್ಯಾಗ ಹೆದರಿದ ಮನಷ್ಯಾ ಹಿಂದಕ್ಕ ವಾಲತಾನ್ರೀ, ಹಿಂದಕ್ಕ ವಾಲಿದ್ರ ಸ್ಕೀ ಮುಂದಿನ ತುದಿ ಮ್ಯಾಲ ಭಾರ ಬೀಳೂದಿಲ್ಲ, ಭಾರ ಬೀಳಲಿಲ್ಲಂದ್ರ ತಿರಗೂದಿಲ್ಲ, ಇನ್ನಷ್ಟ ಜೋರ ಹೋಗತಾವ, ಆತ ಇನ್ನಷ್ಟ ಹೆದರತಾನ. ಬಾಗು ಅಂದ್ರ ಸೊಂಟ ಬಗ್ಗಸ್ತಾರ, ಅದೂ ತಪ್ಪ. ಮರುದಿನ ಬಂದ ಇನ್‌ಸ್ಟ್ರಕ್ಟರ್ ಹೇಳಿದ್ದು ಒಂದ ಮಾತು, ‘ಮೊಣಕಾಲ ಕೆಳಗಿನ ಎಲವು ಬೂಟಿನ ನಾಲಗಿಗೆ ಒತ್ತಿ ಹಿಡಿ, ಅದನ್ನ ಬಿಡಬ್ಯಾಡ’ ಅಂತ. ಮಧ್ಯಾಹ್ನಕ್ಕ ನಮ್ಮಾಕಿ ತಾನ ತಿರಗಾಕ ಹತ್ತಿದ್ಲು. ನಾ ದೂರ ನಿಂತು ನೋಡ್ಕೊಂತ ಸುಮ್ಮನಿದ್ದೆ.

ಹುಡುಗನ್ನ ಮಕ್ಕಳ ಕ್ಲಾಸಿಗೆ ಹಾಕ್ರಿ, ಅವ್ವನ ಕೂಡ ಬ್ಯಾಡ. ಅವ್ವ ಇದ್ರ ಅಳತಾನ, ಇರಲಿಲ್ಲಂದ್ರ ಕಲೀತಾನ. ಇನ್ನೊಂದು, ಆಲ್ಪ್ಸ್ ಕಡೆ ಆದ್ರ ಗ್ರೂಪ್ ಕ್ಲಾಸು ರವಿವಾರ ಇಲ್ಲಾ ಸೋಮವಾರ ಶುರು ಆಗಿ ವಾರಪೂರ್ತಿ ನಡೀತಾವ, ನೀವು ಬುಧವಾರ ಹೋಗಿ ನಿಂತ್ರ ಹೊಸಬರ ಗುಂಪು ಎಲ್ಲಿಂದ ತರ್ತಾರ? ಅದಕ್ಕ ಮೊದಲ ಕ್ಲಾಸು ಯಾವತ್ತ ಶುರು ನೋಡ್ರಿ, ಆಮ್ಯಾಲ ಟಿಕೆಟ್ ಮಾಡ್ರಿ. ನಾವು ತಿರುವುಮುರುವು ಮಾಡಿದ್ವಿ.

ಹಗ್ಗದಾಚೆ:

ಎಲ್ರೂ ಚಿಕ್ಕ ರೆಸಾರ್ಟ್ ಕಡೆ ವಾಲ್ತಿದೀರ, ನಾನು ಒಪ್ಪಲ್ಲ ಗುರು. ಆ ಇಬ್ರನ್ನ ಆರು ದಿನ ಚಿಕ್ಕ ಬೆಟ್ಟದಲ್ಲಿ ಕೂಡಿ ಹಾಕಿದ್ರೆ ಮೂರನೇ ದಿನಕ್ಕೆ ಬೋರ್ ಹೊಡೆದು ರನ್ ಅಂಚಿನ ಹಗ್ಗ ದಾಟಿ ಆಫ್ ಪಿಸ್ಟ್ (ರನ್ ಅಲ್ಲದ, ಯಾರೂ ನೋಡ್ಕೊಳ್ಳದ ಹಿಮಕ್ಕೆ) ಹೋಗ್ತಾರೆ. ನಾನೇ ಹಂಗೆ ಹೋಗಿದ್ದವನು, ಹೆಸರು ನೋಡಿದ್ರೆ ಗೊತ್ತಾಗಲ್ವಾ. ಏನೂ ಆಗ್ಲಿಲ್ಲ, ಆದ್ರೆ ಅದು ಅದೃಷ್ಟ ಅಂತ ಆಮೇಲೆ ಕೋರ್ಸ್ ಮಾಡಿದಾಗ ಗೊತ್ತಾಯ್ತು. ಅವಲಾಂಚ್ (ಹಿಮಕುಸಿತ) ಅಪಾಯಕ್ಕೆ 1ರಿಂದ 5ರ ತನಕ ಅಂಕಿ ಕೊಡ್ತಾರೆ, 5 ಅಂದ್ರೆ ಅತಿ ಹೆಚ್ಚು, ಜನ 5 ಇದ್ದಾಗ ಸಾಯೋದು ಕಮ್ಮಿ, ಅವತ್ತು ಯಾರೂ ಹೊರಗೇ ಹೋಗಲ್ಲ, ಜಾಸ್ತಿ ಸಾಯೋದು 3ರಲ್ಲಿ, ‘ಮಧ್ಯದ ನಂಬರ್ ತಾನೆ’ ಅನ್ಕೊಂಡು. ಟ್ರಾನ್ಸೀವರ್ (ಹೂತವರನ್ನ ಪತ್ತೆ ಹಚ್ಚೋ ರೇಡಿಯೋ), ಪ್ರೋಬ್ (ಹಿಮ ಚುಚ್ಚಿ ಹುಡುಕೋ ಉದ್ದ ಕೋಲು), ಸಲಿಕೆ ಮೂರೂ ಇರಬೇಕು, ಬಳಸೋಕೂ ಬರಬೇಕು. ಹೂತುಹೋದೋರನ್ನ ತೆಗೆಯೋಕೆ ಇರೋ ಟೈಮು ನಿಮಿಷದ ಲೆಕ್ಕ, ರೆಸ್ಕ್ಯೂ ಟೀಮ್ ಬರೋ ತನಕ ಕಾಯೋ ಹಾಗಿಲ್ಲ, ಜೊತೆಲಿದ್ದೋರೇ ಅಗೀಬೇಕು.

ಅದಕ್ಕೇ ಹೇಳ್ತಿರೋದು, ದೊಡ್ಡ ಜಾಗಕ್ಕೇ ಹೋಗಿ, ಆದ್ರೆ ಅದರ ಯಾವ ಊರಲ್ಲಿ ಉಳ್ಕೋತೀರ ಅನ್ನೋದನ್ನ ಹೊಸಬ್ರನ್ನ ನೋಡಿ ಆರಿಸಿ. ಬೆಟ್ಟ ಆ ಇಬ್ರಿಗೆ, ಊರು ಅಕ್ಕನಿಗೆ.

ಮಂಜುಗಣ್ಣು:

@ಹಗ್ಗದಾಚೆ ಊರನ್ನ ಬೇರೆ ಆರಿಸೋ ಮಾತು ಒಪ್ಪಿದೆ, ನನಗೆ ಹೊಳೆದಿರ್ಲಿಲ್ಲ. ಆದ್ರೂ ದೊಡ್ಡ ಜಾಗದಲ್ಲಿ ಒಂದು ತೊಂದರೆ ಇದ್ದೇ ಇದೆ, ಗಾಳಿ ಜೋರಾದ್ರೆ ಮೊದಲು ನಿಲ್ಲಿಸೋದು ಮೇಲಿನ ಲಿಫ್ಟು, ಕಣಿವೆ ಜೋಡಿಸೋದೂ ಅವೇ. ಆ ಕಡೆ ಸಿಕ್ಕಾಕ್ಕೊಂಡ್ರೆ ಬೆಟ್ಟ ಸುತ್ತಿ ಟ್ಯಾಕ್ಸೀಲಿ ಬರ್ಬೇಕು.

ಕಡಲಬದಿ:

ಮಾರಾಯ್ರೆ, ಬೂಟಿನ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ! ನಮ್ಮ ಗುಂಪಿನ ಟ್ರಿಪ್ ಹಾಳಾದದ್ದು ಅದ್ರಿಂದ್ಲೇ. ರೆಂಟಲ್ ಅಂಗಡಿಯಲ್ಲಿ ಹದಿನೈದು ಜನ ಕ್ಯೂ, ಹಿಂದಿನವ್ರು ಗಡಿಬಿಡಿ ಮಾಡ್ತಾ ಇದ್ರು, ನನ್ನ ಫ್ರೆಂಡ್ ಎರಡು ಜೊತೆ ಉಣ್ಣೆ ಸಾಕ್ಸ್ ಹಾಕ್ಕೊಂಡು ಬೂಟು ನೋಡಿದ, ‘ಮೆತ್ತಗೆ ಉಂಟು, ಆರಾಮ್ ಉಂಟು’ ಅಂತ ಒಂದು ಸೈಜ್ ದೊಡ್ಡದು ತಗೊಂಡ. ಮಧ್ಯಾಹ್ನಕ್ಕೆ ಕಾಲು ಒಳಗೆ ಈಜ್ತಾ ಇತ್ತು, ಸಂಜೆ ಸಾಕ್ಸ್ ತೆಗೆದ್ರೆ ಎರಡೂ ಹೆಬ್ಬೆರಳಿನ ಉಗುರು ನೇರಳೆ ಹಣ್ಣಿನ ಬಣ್ಣ.

ಸ್ಕೀ ಬೂಟಿನ ಸೈಜ್ ಅಂದ್ರೆ ಪಾದದ ಉದ್ದ, ಸೆಂಟಿಮೀಟರಲ್ಲಿ. ಮನೆಯಲ್ಲೇ ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು ಎಲ್ಲರದ್ದೂ ಅಳೆದು ಬರ್ಕೊಂಡು ಹೋಗಿ. ತೆಳ್ಳಗಿನ ಒಂದೇ ಸಾಕ್ಸ್, ಎರಡು ಹಾಕಿದ್ರೆ ಮಡಿಕೆ ಬಿದ್ದು ಒತ್ತುತ್ತೆ, ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತೆ. ನೆಟ್ಟಗೆ ನಿಂತಾಗ ಬೆರಳು ಮುಂದೆ ಸ್ವಲ್ಪ ತಾಗ್ಬೇಕು, ಮೊಣಕಾಲು ಬಗ್ಗಿಸಿದ್ರೆ ಹಿಂದೆ ಸರೀಬೇಕು. ಹಿಮ್ಮಡಿ ಎದ್ದರೆ ವಾಪಸ್ ಕೊಡಿ, ಕ್ಯೂ ಎಷ್ಟೇ ಉದ್ದ ಇರ್ಲಿ.

ಮತ್ತೆ ತೂಕ! ಬೈಂಡಿಂಗ್ (ಬೂಟನ್ನ ಸ್ಕೀಗೆ ಹಿಡಿದಿಡೋ ಕ್ಲಿಪ್ಪು) ಎಷ್ಟು ಬಿಗಿ ಇಡ್ಬೇಕು ಅಂತ ಅವ್ರು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಎಷ್ಟು ಚೆನ್ನಾಗಿ ಸ್ಕೀ ಮಾಡ್ತೀರಿ, ಇಷ್ಟು ನೋಡಿ ಲೆಕ್ಕ ಹಾಕೋದು. ಬಿದ್ದಾಗ ಸ್ಕೀ ಕಳಚಿಕೊಳ್ಳದಿದ್ರೆ ತಿರುಚೋದು ಮೊಣಕಾಲು. ನಾಚಿಕೆಯಿಂದ ಎಂಟು ಕೆಜಿ ಕಮ್ಮಿ ಹೇಳಿದ್ರೆ ಪ್ರತಿ ತಿರುವಿಗೂ ಸ್ಕೀ ಕಳಚಿ ಹೋಗುತ್ತೆ, ಜಂಬಕ್ಕೆ ‘ನಾನು ಎಕ್ಸ್‌ಪರ್ಟ್’ ಅಂದ್ರೆ ಕಳಚಬೇಕಾದಾಗ ಕಳಚೋದಿಲ್ಲ. ಎಲ್ಲರೆದುರು ಹೇಳೋಕೆ ಸಂಕೋಚ ಆದ್ರೆ ಚೀಟಿಯಲ್ಲಿ ಬರೆದು ಕೊಡಿ ಮಾರಾಯ್ರೆ.

ಚಳಿಗಾಲದ_ಚಿಂತೆ:

ಎಲ್ರಿಗೂ ಥ್ಯಾಂಕ್ಸ್, ನಿಜವಾಗ್ಲೂ. ಮ್ಯಾಪ್ ಮೇಲೆ ಬೆರಳಿಟ್ಟು ನೋಡ್ದೆ. ದೊಡ್ಡ ರೆಸಾರ್ಟಲ್ಲಿ ನಾವು ನೋಡಿದ್ದ ಹೋಟೆಲ್ ಇರೋ ಊರಿಗೆ ಇಳಿಯೋದು ರೆಡ್ ಒಂದೇ! ಪಕ್ಕದ ಊರಲ್ಲಿ ಕಾರ್ಪೆಟ್ಟೂ ಇದೆ, ಊರ ತನಕ ನೀಲಿ ರನ್ನೂ ಇದೆ, ಆದ್ರೆ ಅದು ಇನ್ನೂ ಮೇಲಿದೆ, ತುದಿ 3,000 ಮೀಟರ್ ದಾಟುತ್ತೆ. ಅಷ್ಟು ಎತ್ತರಕ್ಕೆ ಹುಡುಗನ್ನ ಕರ್ಕೊಂಡು ಹೋಗ್ಬಹುದಾ? ಇನ್ಶೂರೆನ್ಸ್ ಬಗ್ಗೆನೂ ಹೇಳಿ. ಮತ್ತೆ ಒಂಬತ್ತು ಜನ ಮೂರು ಗುಂಪಾಗಿ ಒಡೆದ್ರೆ ಸಂಪರ್ಕ ಹೇಗೆ ಇಟ್ಕೋತೀರ?

ನಾಲ್ಕನೇ_ಕಂಬ:

ಸಂಪರ್ಕದ ಬಗ್ಗೆ ನಾನು ಹೇಳ್ತೀನಿ, ಈ ಹೆಸರು ಇಟ್ಕೊಂಡಿದ್ದೇ ಆ ಕಥೆಯಿಂದ. ‘ಹನ್ನೆರಡೂವರೆಗೆ ಚೇರ್‌ಲಿಫ್ಟ್ ಹತ್ರ ಸಿಗೋಣ’ ಅಂತ ಮಾತಾಡ್ಕೊಂಡ್ವಿ. ನಾಲ್ಕು ಜನ ಲಿಫ್ಟಿನ ಕೆಳಗಿನ ಸ್ಟೇಷನ್‌ನಲ್ಲಿ ಕಾದ್ರು, ನಾನೊಬ್ಬ ಮೇಲಿನ ಸ್ಟೇಷನ್‌ನಲ್ಲಿ. ಫೋನ್ ನೋಡಿದ್ರೆ 40 ಪರ್ಸೆಂಟ್ ಇದ್ದಿದ್ದು ಚಳಿಗೆ ಪಟ್ ಅಂತ ಆಫ್. ಒಂದು ಗಂಟೆ ಕಾದು ಸಾಕಾಗಿ ನಾನು ಇಳಿಯೋಕೆ ಶುರು ಮಾಡಿದೆ, ನಾಲ್ಕನೇ ಕಂಬದ ಹತ್ರ ತಲೆ ಎತ್ತಿ ನೋಡ್ತೀನಿ, ನಾಲ್ಕೂ ಜನ ಚೇರಲ್ಲಿ ಕೂತು ನನ್ನ ತಲೆ ಮೇಲಿಂದ ಮೇಲಕ್ಕೆ ಹೋಗ್ತಿದಾರೆ, ಕೂಗಾಡ್ತಿದಾರೆ, ಗಾಳಿಗೆ ಒಂದಕ್ಷರ ಕೇಳಿಸ್ತಿಲ್ಲ.

ಅದಕ್ಕೆ ಲಿಫ್ಟಿನ ಹೆಸರು ಹೇಳಿ, ಮೇಲಾ ಕೆಳಗಾ ಹೇಳಿ, ಹದಿನೈದು ನಿಮಿಷಕ್ಕೆ ಯಾರೂ ಬರ್ಲಿಲ್ಲ ಅಂದ್ರೆ ಏನು ಮಾಡ್ಬೇಕು ಅನ್ನೋದನ್ನೂ ಮೊದಲೇ ಮಾತಾಡ್ಕೊಳ್ಳಿ. ಫೋನ್ ಒಳಗಿನ ಜೇಬಲ್ಲಿ, ಮೈಗೆ ತಾಗಿರೋ ಹಾಗೆ. ಹುಡುಗನ ಜಾಕೆಟ್ ಒಳಗೆ ಹೋಟೆಲ್ ಹೆಸರು, ಅಮ್ಮನ ನಂಬರ್ ಬರೆದ ಚೀಟಿ. ರನ್ ಮಧ್ಯೆ ಕಾಯೋದಾದ್ರೆ ಅಂಚಲ್ಲಿ, ಮೇಲಿಂದ ಬರೋರಿಗೆ ಕಾಣೋ ಜಾಗದಲ್ಲಿ ನಿಲ್ಲಿ, ದಿಬ್ಬದ ಮರೇಲಿ ಬೇಡ. ಯಾರಾದ್ರೂ ಬಿದ್ದು ಏಳೋಕಾಗದಿದ್ರೆ ಅವ್ರಿಗಿಂತ ಸ್ವಲ್ಪ ಮೇಲೆ ಎರಡು ಸ್ಕೀನ ಗುಣಾಕಾರ ಚಿಹ್ನೆ ಥರ ಅಡ್ಡಡ್ಡ ನೆಡಿ, ಅದರರ್ಥ ಎಲ್ಲ ಕಡೆ ಒಂದೇ. ಪಿಸ್ಟ್ ಪ್ಯಾಟ್ರೋಲ್ (ರನ್ ಮೇಲಿನ ರಕ್ಷಣಾ ತಂಡ) ನಂಬರ್ ಮ್ಯಾಪ್ ಮೇಲೇ ಇರುತ್ತೆ, ಯುರೋಪಲ್ಲಾದ್ರೆ ತುರ್ತು ನಂಬರ್ 112 ಕೂಡ ನಡೆಯುತ್ತೆ.

ಮಂಜುಗಣ್ಣು:

ಎತ್ತರ: ತೊಂದರೆ ಸಾಮಾನ್ಯವಾಗಿ ಶುರುವಾಗೋದು 2,500 ಮೀಟರ್ ಮೇಲೆ, ಅದೂ ಮುಖ್ಯವಾಗಿ ಎಲ್ಲಿ ಮಲಗ್ತೀರ ಅನ್ನೋದ್ರ ಮೇಲೆ. ಊರು ಅದಕ್ಕಿಂತ ಕೆಳಗಿದ್ರೆ ಹಗಲು ಮೇಲೆ ಹೋಗಿ ಬರೋದಕ್ಕೆ ಅಷ್ಟು ಹೆದರಬೇಡಿ, ಮೊದಲ ದಿನ ಮಾತ್ರ ನಿಧಾನ. ತಲೆನೋವು, ವಾಕರಿಕೆ ಅಂದ್ರೆ ಕೆಳಗಿಳಿಸಿ, ಹುಡುಗರು ಸರಿಯಾಗಿ ಹೇಳಲ್ಲ, ಸುಮ್ನೆ ಮಂಕಾಗ್ತಾರೆ, ಗಮನ ಇರ್ಲಿ. ಹೊಸ ಹಿಮ ಬಿಸಿಲಿನ ಯುವಿಯನ್ನ 80 ಪರ್ಸೆಂಟ್ ತನಕ ವಾಪಸ್ ಎರಚುತ್ತೆ, ಹಾಗಾಗಿ ಸನ್‌ಸ್ಕ್ರೀನ್ ಮೂಗಿನ ಕೆಳಗೆ, ಗಲ್ಲದ ಅಡಿಗೂ ಹಚ್ಚಿ. ಮೋಡ ಇದ್ರೂ ಗಾಗಲ್ಸ್ ಬೇಕು.

ಇನ್ಶೂರೆನ್ಸ್: ‘ಟ್ರಾವೆಲ್ ಇನ್ಶೂರೆನ್ಸ್ ಇದೆ’ ಅಂದ್ರೆ ಸಾಲದು, ಸ್ಕೀಯಿಂಗ್ ಸೇರಿದೆಯಾ, ಬೆಟ್ಟದಿಂದ ಇಳಿಸೋ ಖರ್ಚು ಸೇರಿದೆಯಾ, ಎತ್ತರದ ಮಿತಿ ಇದೆಯಾ, ಆಫ್ ಪಿಸ್ಟ್ ಹೊರಗಿಟ್ಟಿದಾರಾ ನೋಡಿ. ನೀವು ಬೇರೆಯವ್ರಿಗೆ ಗುದ್ದಿದ್ರೆ ಕೊಡೋ ಕವರ್ ಕೂಡ ಬೇಕು, ಇಟಲಿಯಲ್ಲಿ 2022ರಿಂದ ಅದು ಇಲ್ಲದೆ ರನ್ ಮೇಲೆ ಇಳಿಯೋ ಹಾಗೇ ಇಲ್ಲ. ಮತ್ತೆ ಬುಕಿಂಗ್ ಮುಂಚೆ ಎಲ್ರ ಹತ್ರ ಅಡ್ವಾನ್ಸ್ ಇಸ್ಕೊಳ್ಳಿ. ದುಡ್ಡು ಹಾಕೋ ತನಕ ಒಂಬತ್ತು ಜನ ಅನ್ನೋದು ಬರೀ ಗ್ರೂಪಿನ ಲೆಕ್ಕ.

ಚಳಿಗಾಲದ_ಚಿಂತೆ:

ಅಪ್‌ಡೇಟ್: ಅಡ್ವಾನ್ಸ್ ಕೇಳಿದ ತಕ್ಷಣ ಕಲೀಗ್ ಜಾರ್ಕೊಂಡ. ಎಂಟು ಜನ ಆದ್ವಿ. ದೊಡ್ಡ ರೆಸಾರ್ಟು, ಪಕ್ಕದ ಊರು, ಭಾನುವಾರದ ಕ್ಲಾಸ್ ನೋಡಿ ಶನಿವಾರ ತಲುಪೋ ಹಾಗೆ ಟಿಕೆಟ್. ಬ್ಲ್ಯಾಕ್ ರನ್ ಜೋಡಿ ಒಂದು ದಿನ ಗೈಡ್ ಜೊತೆ ಆಫ್ ಪಿಸ್ಟ್ ಹೋಗ್ತಾರಂತೆ, ಉಳಿದ ದಿನ ಹಗ್ಗದ ಒಳಗೆ ಇರ್ತೀವಿ ಅಂತ ಗ್ರೂಪಲ್ಲೇ ಬರೆಸ್ಕೊಂಡಿದೀನಿ. ನಿನ್ನೆ ರಾತ್ರಿ ಎಲ್ರ ಪಾದ ಅಳೆದದ್ದಾಯ್ತು. ಭಾವನೂ ಸುಮ್ನೆ ಬಂದು ಗೋಡೆಗೆ ಹಿಮ್ಮಡಿ ಇಟ್ಟು ನಿಂತ್ರು, ‘ಬರೆದಿಟ್ಕೋ, ಸುಮ್ನೆ’ ಅಂದ್ರು. 26.5. ಸ್ಕೀ ಮಾಡದೆ ಬರೀ ಗೊಂಡೋಲಾದಲ್ಲಿ ಮೇಲೆ ಹೋಗಿ ಬರೋಕೆ ಟಿಕೆಟ್ ಕೊಡ್ತಾರಾ ಅಂತ ಬೇರೆ ಕೇಳ್ತಿದಾರೆ.

ಗಿರಣಿ_ಗೆಳೆಯ:

ಕೊಡ್ತಾರ್ರೀ, ನಡಕೊಂಡ ಹೋಗವರಿಗಂತನ ಬ್ಯಾರೆ ಟಿಕೆಟ್ ಇರತಾವ. ಆದ್ರ ಯಾವ ಲಿಫ್ಟಿಗೆ ಐತಿ ಕೇಳ್ರಿ, ಚೇರ್‌ಲಿಫ್ಟಿನ್ಯಾಗ ಸ್ಕೀ ಇಲ್ಲದವರನ್ನ ಎಲ್ಲಾ ಕಡೆ ಹತ್ತಸೂದಿಲ್ಲ. ಮತ್ತ ಭಾವನ ಹೆಸರು ಕ್ಲಾಸಿನ ಲಿಸ್ಟಿನ್ಯಾಗ ಹಾಕೇ ಇಡ್ರಿ, 26.5 ಅಂದವರು ಸುಮ್ಮನ ಕೂಡೂದಿಲ್ಲ.