‘ಬಿಗಿ’ ಎಂದರೆ ಯಾವ ಬಿಗಿ? ಹ್ಯಾಂಡಲ್ ಟ್ರ್ಯಾಕ್ಟರಿನ ಎಂಜಿನ್ ಕುರಿತು ಒಂದು ಪದಜಿಜ್ಞಾಸೆ

ಮುಂಭಾಗಕ್ಕೆ ಹ್ಯಾಂಡಲ್ ತೂರಿಸಿ ಕೈಯಿಂದ ತಿರುಗಿಸಿ ಚಾಲೂ ಮಾಡಬೇಕಾದ ಹಳೆಯ ಟ್ರ್ಯಾಕ್ಟರುಗಳ ದುರಸ್ತಿಯನ್ನು ಕುರಿತು ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಅದರ ಒಂದು ಅಧ್ಯಾಯಕ್ಕೆ ‘ಎಂಜಿನ್ ಬಿಗಿಯಾಗಿದ್ದರೆ’ ಎಂದು ತಲೆಬರಹ ಕೊಟ್ಟಿದ್ದೆ. ಕರಡನ್ನು ಓದಿದ ಗೆಳೆಯರೊಬ್ಬರು ತಮ್ಮ ಎಂಜಿನ್ನೂ ಬಿಗಿಯಾಗಿದೆಯೆಂದು ತಿಳಿದು, ಕಿಡಿ ಹಾರಿಸುವ ಪ್ಲಗ್‌ಗಳನ್ನು ಬಿಚ್ಚಿ, ಸಿಲಿಂಡರುಗಳಿಗೆ ಎಣ್ಣೆ ಸುರಿದು ನಾಲ್ಕು ದಿನ ಕಾದರು. ಆ ಎಂಜಿನ್ನಿಗೆ ಯಾವ ಕೇಡೂ ಬಂದಿರಲಿಲ್ಲ. ಅವರ ಕೈಗೆ ತಗುಲಿದ್ದು ಬರಿಯ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಅದುಮಿದ ಗಾಳಿಯ ಒತ್ತಡ. ತಪ್ಪು ಅವರದಲ್ಲ, ನಾನು ಬಳಸಿದ ಪದದ್ದು. ‘ಬಿಗಿ’ ಎಂಬ ಒಂದೇ ಮಾತಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಸ್ಥಿತಿಗಳನ್ನು ನಾನು ತುರುಕಿದ್ದೆ, ಮತ್ತು ಅವುಗಳ ಪರಿಹಾರಗಳು ಒಂದಕ್ಕೊಂದು ಸಂಬಂಧವಿಲ್ಲದವು. ಹೀಗಾಗಿ ಈ ಪದಗಳನ್ನು ಬಿಡಿಸಿಕೊಳ್ಳಲು ಬಲ್ಲವರ ನೆರವು ಬೇಕಾಗಿದೆ.

ಮೊದಲನೆಯದು ಆರೋಗ್ಯವಂತ ಎಂಜಿನ್ನಿನ ಪ್ರತಿರೋಧ. ನಾಲ್ಕು ಸಿಲಿಂಡರಿನ, ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಹ್ಯಾಂಡಲಿನ ಪ್ರತಿ ಅರ್ಧ ಸುತ್ತಿಗೊಮ್ಮೆ ಯಾವುದಾದರೊಂದು ಪಿಸ್ಟನ್ ಗಾಳಿಯನ್ನು ಅದುಮುತ್ತಿರುತ್ತದೆ. ಆಗ ಕೈಗೆ ಸಿಗುವ ಅನುಭವ ಸ್ಪ್ರಿಂಗನ್ನು ಒತ್ತಿದಂತೆ ಇರುತ್ತದೆ: ಭಾರ ಏರುತ್ತಾ ಹೋಗಿ, ತುದಿ ದಾಟಿದೊಡನೆ ಹಗುರವಾಗುತ್ತದೆ, ದಾಟಿಸದೆ ಅಲ್ಲೇ ತಡೆದು ನಿಂತರೆ ಪಿಸ್ಟನ್ನಿನ ಸುತ್ತ ಕೂರಿಸಿದ ರಿಂಗುಗಳ ಸಂದಿನಿಂದ ಗಾಳಿ ಮೆಲ್ಲಗೆ ಸೋರಿ ಒತ್ತಡ ತಾನಾಗಿ ಇಳಿಯುತ್ತದೆ. ಪ್ಲಗ್‌ಗಳನ್ನು ಬಿಚ್ಚಿದರೆ ಇದು ಪೂರ್ತಿ ಮಾಯವಾಗುತ್ತದೆ. ಪಠ್ಯಪುಸ್ತಕಗಳು ‘ಸಂಪೀಡನ’ ಎನ್ನುತ್ತವೆ, ಗ್ಯಾರೇಜಿನಲ್ಲಿ ‘ಕಂಪ್ರೆಷನ್’ ಎನ್ನುತ್ತಾರೆ. ಆದರೆ ಎರಡೂ ಸಿಲಿಂಡರಿನೊಳಗೆ ನಡೆಯುವ ಕ್ರಿಯೆಯ ಹೆಸರುಗಳು; ಕೈಗೆ ಎದುರಾಗುವ ಆ ಪುಟಿಯುವ ಒತ್ತಿಗೆ ಹೆಸರಲ್ಲ. ನಾನು ಸದ್ಯಕ್ಕೆ ‘ಎದುರೊತ್ತು’ ಎಂದು ಬರೆದುಕೊಂಡಿದ್ದೇನೆ. ಅರ್ಥವೇನೋ ಆಗುತ್ತದೆ, ಆದರೆ ಯಾರ ಬಾಯಲ್ಲೂ ಕೇಳಿದ ಮಾತಲ್ಲ ಎಂಬ ಅಳುಕಿದೆ.

ಎರಡನೆಯದು ಸುತ್ತಿನ ಉದ್ದಕ್ಕೂ ಒಂದೇ ಸಮನಾಗಿರುವ ಜಗ್ಗು. ಚಳಿಗೆ ಆಯಿಲ್ ಮಂದವಾದಾಗ, ಅಥವಾ ಬೇರಿಂಗುಗಳನ್ನು ಹೊಸದಾಗಿ ಕೂರಿಸಿ ಕ್ಯಾಪಿನ ನಟ್ಟುಗಳನ್ನು ಅತಿಯಾಗಿ ತಿರುಗಿಸಿದಾಗ ಹೀಗಾಗುತ್ತದೆ. ಇದಕ್ಕೆ ‘ಭಾರ’ ಎಂಬ ಆಡುಮಾತೇ ಸಾಕೆಂದು ನನ್ನ ಅನಿಸಿಕೆ. ‘ಹ್ಯಾಂಡಲ್ ಭಾರ ಬರುತ್ತಿದೆ’ ಎಂದರೆ ತಿರುಗುತ್ತಿದೆ, ಆದರೆ ಶ್ರಮವಾಗುತ್ತಿದೆ ಎಂಬುದು ಹೇಳದೆಯೇ ತಿಳಿಯುತ್ತದೆ.

ಮೂರನೆಯದು ಎಂಜಿನ್ ಕದಲದೇ ಇರುವ ಸ್ಥಿತಿ. ಬಹಳ ಕಾಲ ನಿಂತ ಎಂಜಿನ್ನಿನಲ್ಲಿ ತೇವ ಸೇರಿ, ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ. ಇದಕ್ಕೆ ರೂಢಿಯ ಮಾತು ‘ಸೀಜ್ ಆಗಿದೆ’. ಆದರೆ ‘ಟ್ರ್ಯಾಕ್ಟರ್ ಸೀಜ್ ಆಗಿದೆ’ ಎಂದು ಬರೆದರೆ ಅರ್ಧದಷ್ಟು ಓದುಗರು ಸಾಲದ ಕಂತು ಕಟ್ಟದ್ದಕ್ಕೆ ಎಳೆದುಕೊಂಡು ಹೋದರೆಂದು ತಿಳಿಯುವ ಸಂಭವವಿದೆ! ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪದ ಈಗಾಗಲೇ ಇದೆ: ‘ಹಿಡಿದುಕೊಂಡಿದೆ’. ಕುತ್ತಿಗೆ ಹಿಡಿದುಕೊಳ್ಳುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ತಿರುಗಬೇಕಾದದ್ದು ತಿರುಗದೆ ನಿಂತಿದೆ ಎಂಬ ಅರ್ಥವನ್ನು ಆ ಬಳಕೆ ಹೊತ್ತುಕೊಂಡೇ ಬಂದಿದೆ. ಇಲ್ಲಿ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವನ್ನು ಬಿಡುವಂತಿಲ್ಲ. ‘ಎಂಜಿನ್ನಿಗೆ ತುಕ್ಕು ಹಿಡಿದಿದೆ’ ಎಂಬಲ್ಲಿ ಹಿಡಿದದ್ದು ತುಕ್ಕು. ‘ಎಂಜಿನ್ ಹಿಡಿದುಕೊಂಡಿದೆ’ ಎಂಬಲ್ಲಿ ಎಂಜಿನ್ನೇ ಕರ್ತೃ. ತುಕ್ಕು ಹಿಡಿದ ಎಂಜಿನ್ನುಗಳೆಲ್ಲ ಹಿಡಿದುಕೊಂಡಿರುವುದಿಲ್ಲ, ಮತ್ತು ಆಯಿಲ್ ಇಲ್ಲದೆ ಓಡಿ ಕಾದು ಹಿಡಿದುಕೊಂಡ ಎಂಜಿನ್ನಿನಲ್ಲಿ ತುಕ್ಕಿನ ಸುಳಿವೂ ಇರದಿರಬಹುದು. ಪ್ಲಗ್ ತೂತಿನಿಂದ ತೆಳು ಎಣ್ಣೆ ಬಿಟ್ಟು, ದಿನಗಟ್ಟಲೆ ನೆನೆಯಲು ಬಿಟ್ಟು, ಹ್ಯಾಂಡಲನ್ನು ಕೂದಲೆಳೆಯಷ್ಟು ಹಿಂದಕ್ಕೂ ಮುಂದಕ್ಕೂ ಆಡಿಸುವ ಉಪಚಾರ ಸಲ್ಲುವುದು ತುಕ್ಕಿನಿಂದ ಹಿಡಿದುಕೊಂಡದ್ದಕ್ಕೆ ಮಾತ್ರ. ಗೇರಿಗೆ ಹಾಕಿ ಇನ್ನೊಂದು ಗಾಡಿಯಿಂದ ಎಳೆಸಿದರೆ ರಿಂಗು ಮುರಿಯಬಹುದು, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು.

ನನ್ನನ್ನು ಹೆಚ್ಚು ಕಾಡಿದ್ದು ಇದೇ ‘ಹಿಡಿ’ ಧಾತು, ಎಂಜಿನ್ನನ್ನು ಗೇರ್‌ಬಾಕ್ಸಿಗೆ ಕೂಡಿಸುವ ಮತ್ತು ಬೇರ್ಪಡಿಸುವ ಕ್ಲಚ್ಚಿನ ಜೊತೆ ಸೇರಿದಾಗ ಹುಟ್ಟುವ ಗೊಂದಲ. ಎಂಜಿನ್ ಭಾರವೆನಿಸಿದಾಗ ಆ ಭಾರ ಎಂಜಿನ್ನಿನದೋ ಅದರ ಹಿಂದಿರುವ ಗೇರ್‌ಬಾಕ್ಸಿನದೋ ಎಂದು ತಿಳಿಯಲು, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಒಬ್ಬರು ಕ್ಲಚ್ ಪೆಡಲನ್ನು ಒತ್ತಿರುವಾಗ ಇನ್ನೊಬ್ಬರು ಹ್ಯಾಂಡಲ್ ತಿರುಗಿಸಿ ನೋಡುವುದು ವಾಡಿಕೆ. ಒತ್ತಿದಾಗ ಹಗುರವಾದರೆ ಎಳೆತ ಗೇರ್‌ಬಾಕ್ಸಿನದು. ಈ ಪರೀಕ್ಷೆಯನ್ನು ವಿವರಿಸುವಾಗ ‘ಕ್ಲಚ್ ಹಿಡಿದಿದ್ದರೆ’ ಎಂದು ಬರೆದೆ. ಆಮೇಲೆ ನೋಡಿದರೆ ಆ ಎರಡು ಪದಗಳಿಗೆ ಮೂರು ಅರ್ಥ: ಪೆಡಲನ್ನು ಯಾರೋ ಒತ್ತಿ ಹಿಡಿದಿದ್ದಾರೆ, ಬ್ರೇಕ್ ಹಿಡಿಯಿತು ಎಂಬಂತೆ ಕ್ಲಚ್ಚಿನ ಪ್ಲೇಟುಗಳು ಬಿಗಿಯಾಗಿ ಕೂಡಿಕೊಂಡಿವೆ, ಅಥವಾ ಪ್ಲೇಟು ಎಂಜಿನ್ನಿನೊಡನೆ ತಿರುಗುವ ಭಾರದ ಚಕ್ರವಾದ ಫ್ಲೈವೀಲಿಗೆ ಅಂಟಿ ಹೋಗಿ ಪೆಡಲಿಗೆ ಜಗ್ಗದಾಗಿದೆ. ಮೊದಲೆರಡು ಅರ್ಥಗಳು ಒಂದಕ್ಕೊಂದು ತೀರ ವಿರುದ್ಧ. ‘ಬಿಡು’ ಕೂಡ ಹೀಗೆಯೇ. ಚಾಲಕ ಕ್ಲಚ್ ಬಿಟ್ಟಾಗ ಪ್ಲೇಟುಗಳು ಕೂಡಿಕೊಳ್ಳುತ್ತವೆ, ‘ಕ್ಲಚ್ ಬಿಡುತ್ತಿಲ್ಲ’ ಎಂದಾಗಲೂ ಅವು ಕೂಡಿಕೊಂಡೇ ಇರುತ್ತವೆ. ಮಾತಿನಲ್ಲಿ ಎದುರಿಗಿರುವವನ ಕಾಲು ಎಲ್ಲಿದೆಯೆಂದು ಕಾಣುವುದರಿಂದ ತೊಂದರೆಯಿಲ್ಲ. ಬರಹದಲ್ಲಿ ಕಾಲು ಕಾಣುವುದಿಲ್ಲ. 1917ರಲ್ಲಿ ಹೊರಬಂದ ಫೋರ್ಡ್‌ಸನ್ ಮಾದರಿ ಎಫ್‌ನಂತಹ ಟ್ರ್ಯಾಕ್ಟರಿನಲ್ಲಿ ಹಲವು ಪ್ಲೇಟುಗಳ ಕ್ಲಚ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಚಳಿಯಲ್ಲಿ ಎಣ್ಣೆ ಮಂದವಾಗಿ ಪ್ಲೇಟುಗಳು ಒಂದಕ್ಕೊಂದು ಅಂಟಿದರೆ ಪೆಡಲ್ ಒತ್ತಿದರೂ ಅವು ಸಲೀಸಾಗಿ ಬೇರೆಯಾಗುವುದಿಲ್ಲ, ಹ್ಯಾಂಡಲ್ ತಿರುಗಿಸುವವನು ಗೇರ್‌ಬಾಕ್ಸಿನ ಭಾರವನ್ನೂ ಹೊರಬೇಕಾಗುತ್ತದೆ. ಇಂಥ ಸ್ಥಿತಿಯನ್ನು ‘ಕ್ಲಚ್ ಹಿಡಿದಿದೆ’ ಎಂದು ಬರೆದರೆ ಓದುಗ ಏನನ್ನು ತಿಳಿಯಬೇಕು? ಆದ್ದರಿಂದ ಪೆಡಲಿಗೆ ‘ಒತ್ತು’ ಮತ್ತು ‘ಮೇಲೆ ಬಿಡು’, ಪ್ಲೇಟುಗಳಿಗೆ ‘ಕೂಡು’ ಮತ್ತು ‘ಬೇರೆಯಾಗು’, ಕೇಡಿಗೆ ‘ಅಂಟಿಕೊಳ್ಳು’ ಎಂದು ವಿಂಗಡಿಸಿ, ಈ ಅಧ್ಯಾಯದ ಮಟ್ಟಿಗೆ ಕ್ಲಚ್ಚಿನಿಂದ ‘ಹಿಡಿ’ಯನ್ನು ಪೂರ್ತಿ ದೂರವಿಟ್ಟಿದ್ದೇನೆ.

ನಾಲ್ಕನೆಯದು ಸಲೀಸಾಗಿ ತಿರುಗುತ್ತಿದ್ದುದು ಪ್ರತಿ ಸಲವೂ ಒಂದೇ ಜಾಗಕ್ಕೆ ಬಂದು ಗೋಡೆಗೆ ತಾಗಿದಂತೆ ಠಕ್ಕನೆ ನಿಲ್ಲುವುದು. ಎದುರೊತ್ತಿನ ಪುಟಿತ ಇದರಲ್ಲಿಲ್ಲ. ಸಿಲಿಂಡರಿನೊಳಕ್ಕೆ ನೀರೋ ಇಂಧನವೋ ಇಳಿದು ನಿಂತಿರಬಹುದು. ದ್ರವವು ಗಾಳಿಯಂತೆ ಅದುಮಿಸಿಕೊಳ್ಳುವುದಿಲ್ಲ. ಅಥವಾ ವಾಲ್ವ್ ತೆರೆದೇ ಉಳಿದು ಪಿಸ್ಟನ್ನಿಗೆ ತಾಗುತ್ತಿರಬಹುದು. ‘ಜಾಮ್’ ಎಂಬುದು ಇದಕ್ಕೂ ಮೂರನೆಯ ಸ್ಥಿತಿಗೂ ಸಮನಾಗಿ ಬಳಕೆಯಾಗುವುದರಿಂದ ನನಗೆ ಉಪಯೋಗವಿಲ್ಲ. ‘ಸಿಕ್ಕಿಕೊಂಡಿದೆ’ ಎಂದರೆ ಏನೋ ಅಡ್ಡ ಬಂದಿದೆ ಎಂಬ ಸೂಚನೆ ಇರುತ್ತದೆ, ಅಷ್ಟು ಸಾಕು. ಪ್ಲಗ್ ಬಿಚ್ಚಿ, ತೂತಿನ ಎದುರಿಗೆ ಮುಖವೊಡ್ಡದೆ ಮೆಲ್ಲಗೆ ತಿರುಗಿಸಿದರೆ ಒಳಗಿನ ದ್ರವ ಚಿಮ್ಮಿ ಹೊರಬರುತ್ತದೆ.

ಕ್ರಿಯಾಪದವೊಂದರ ಬಗ್ಗೆಯೂ ಹೇಳಬೇಕು. ಚಾಲೂ ಮಾಡುವುದಕ್ಕೆ ‘ಹ್ಯಾಂಡಲ್ ಹೊಡೆ’ ಎನ್ನುತ್ತೇವೆ, ಅದರಲ್ಲಿ ರಭಸವಿದೆ. ಮೇಲಿನ ಪರೀಕ್ಷೆಗಳಿಗೆಲ್ಲ ಬೇಕಾದದ್ದು ರಭಸವಲ್ಲ. ಇಗ್ನಿಷನ್ ಆಫ್ ಮಾಡಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು, ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎಳೆಯಬೇಕು. ಕಿಡಿ ಬೇಗ ಹಾರಿ ಹ್ಯಾಂಡಲ್ ಹಿಂದಕ್ಕೆ ಒದೆದರೆ ಸುತ್ತಿ ಹಿಡಿದ ಹೆಬ್ಬೆರಳೋ ಮಣಿಕಟ್ಟೋ ಮುರಿಯುತ್ತದೆ. ಹೀಗಾಗಿ ಪರೀಕ್ಷೆಯ ಭಾಗದಲ್ಲಿ ‘ತಿರುಗಿಸು’, ಚಾಲನೆಯ ಭಾಗದಲ್ಲಿ ಮಾತ್ರ ‘ಹೊಡೆ’ ಎಂದು ನಿಯಮ ಮಾಡಿಕೊಂಡಿದ್ದೇನೆ. ಇನ್ನು ‘ಹ್ಯಾಂಡಲ್’ ಎಂಬ ಮಾತೂ ಎಲ್ಲ ಕಡೆ ಒಗ್ಗುವುದಿಲ್ಲ: 1923ರಲ್ಲಿ ಬಂದ ಜಾನ್ ಡಿಯರ್ ಮಾದರಿ ಡಿಯಲ್ಲಿ ಫ್ಲೈವೀಲನ್ನೇ ಕೈಯಿಂದ ತಿರುಗಿಸುತ್ತಿದ್ದರು, ಲಾಂಜ್ ಬುಲ್‌ಡಾಗಿನ ಹಲವು ಮಾದರಿಗಳಲ್ಲಿ ಸ್ಟೇರಿಂಗನ್ನು ಕಿತ್ತು ಫ್ಲೈವೀಲಿಗೆ ಸಿಕ್ಕಿಸಿ ತಿರುಗಿಸುತ್ತಿದ್ದರು. ಆ ಮಾತು ಬೇರೆ ಅಧ್ಯಾಯಕ್ಕಿರಲಿ.

‘ಭಾರ’, ‘ಹಿಡಿದುಕೊಂಡಿದೆ’, ‘ಸಿಕ್ಕಿಕೊಂಡಿದೆ’ ಎಂಬ ಮೂರರ ಬಗ್ಗೆ ನನಗೆ ಹೆಚ್ಚಿನ ಸಂಶಯವಿಲ್ಲ. ಯಾವುದಾದರೂ ಪ್ರದೇಶದಲ್ಲಿ ಇವುಗಳಿಗೆ ಬೇರೆ ಅರ್ಥವಿದ್ದರೆ ತಿಳಿಸಬೇಕು. ನನ್ನ ಮುಖ್ಯ ಪ್ರಶ್ನೆ ಮೊದಲನೆಯದನ್ನು ಕುರಿತದ್ದು. ‘ಹ್ಯಾಂಡಲನ್ನು ಅರ್ಧ ಸುತ್ತು ತಂದಾಗ ಎದುರೊತ್ತು ಸಿಗಬೇಕು, ಸಿಗದಿದ್ದರೆ ವಾಲ್ವೋ ರಿಂಗೋ ಸೋರುತ್ತಿದೆ’ ಎಂಬ ವಾಕ್ಯದಲ್ಲಿ ‘ಎದುರೊತ್ತು’ ಎಂಬುದರ ಜಾಗಕ್ಕೆ, ಕೈಯಿಂದ ಎಂಜಿನ್ ತಿರುಗಿಸಿ ಅಭ್ಯಾಸವಿರುವವರು ನಿಜವಾಗಿ ಆಡುವ ಮಾತು ಯಾವುದು?